ನೀಲಿ ರುಮಾಲಿನ ಪಹರೆ

ಆಸ್ಪತ್ರೆಯಲ್ಲಿ ನಗುವಂಥ ಸಂಗತಿಗಳು ನಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಅವು ನನ್ನ ಅಪ್ಪಣೆ ಕೇಳದೆ, ನನ್ನ ಕಣ್ಣೆದುರಿಗೇ, ಅದೂ ನಾನು ಸಿಟ್ಟಿನಲ್ಲಿರುವಾಗಲೇ ನಡೆಯುತ್ತ ಬಂದಿವೆ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಚಾದರದ ಮೂಲೆಯನ್ನು ಲಕೋಟೆಯ ಹಾಗೆ ಮಡಚುವುದನ್ನೂ ಬೆನ್ನು ನೆಟ್ಟಗಿಟ್ಟು ನಡೆಯುವುದನ್ನೂ ಅಲ್ಲಿಯ ಸಿಸ್ಟರುಗಳಿಂದ ಕಲಿತೆ. ಅರವತ್ತರ ದಶಕದ ಆರಂಭದಲ್ಲಿ ಸಿಂದಗಿಯ ಸರಕಾರಿ ಆಸ್ಪತ್ರೆಗೆ ಮೇಟ್ರನ್ ಆಗಿ ಬಂದಾಗ ಇವೆರಡೂ ಕೆಲಸಕ್ಕೆ ಬರಲಿಲ್ಲ. ಮಂಚದ ಮೇಲೆ ಚಾದರ ಕಾಣಿಸಿದರಲ್ಲವೆ ಮೂಲೆ ಮಡಚುವುದು? ಒಬ್ಬರಿಗೆ ಹೊಟ್ಟೆನೋವು ಬಂದರೆ ಚಕ್ಕಡಿ ತುಂಬ ಜನ ಇಳಿಯುತ್ತಿದ್ದರು. ಅತ್ತೆ, ಭಾವ, ಭಾವನ ಬೀಗರು, ರೋಗಿಗೆ ಹಾಲು ಬೇಕಲ್ಲ ಎಂದು ಒಂದು ಆಡು. ಎಲ್ಲರೂ ಒಂದೇ ಮಂಚದ ಮೇಲೆ ಕೂತಿರುತ್ತಿದ್ದರು, ರೋಗಿ ಕೆಳಗೆ ಚಾಪೆಯ ಮೇಲೆ. ಬಾಗಿಲು ಕಾಯುವ ಜವಾನನಿಗೆ ಅರ್ಧ ತಾಲೂಕು ನೆಂಟರು, ಉಳಿದರ್ಧ ಗೆಳೆಯರು. ಅವನು ಯಾರನ್ನು ತಡೆದಾನು?

ಆಗ ಬಂದವರು ಸರದಾರ್‌ಜಿ. ಪಂಜಾಬಿನವರು, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಯುದ್ಧದಲ್ಲಿ ಜೊತೆಗಿದ್ದ ಇಂಡಿ ತಾಲೂಕಿನ ಸಿಪಾಯಿಯೊಬ್ಬನ ಮನೆಗೆ ಮದುವೆಗೆಂದು ಬಂದು, ಇಲ್ಲಿಯ ಜೋಳದ ರೊಟ್ಟಿ ಉಂಡು ನಿಂತುಬಿಟ್ಟವರು. ಸರಕಾರಿ ಕಟ್ಟಡಗಳಿಗೆ ಪಹರೆಯವರನ್ನು ಒದಗಿಸುವ ಒಂದು ಖಾಸಗಿ ಕಂಪನಿ ಕಟ್ಟಿ ತಮ್ಮ ಸೇವೆಯ ಉಳಿತಾಯವನ್ನೆಲ್ಲ ಅದಕ್ಕೇ ಸುರಿದಿದ್ದರು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಆಸ್ಪತ್ರೆಗಳ ಬಾಗಿಲನ್ನು ಸರಕಾರ ಅವರಿಗೆ ಗುತ್ತಿಗೆ ಕೊಟ್ಟಿತು. ಆದರೆ ಅದು ಒಂದು ವರ್ಷದ ಮಟ್ಟಿಗೆ ಮಾತ್ರ. ವರ್ಷ ಮುಗಿಯುವಾಗ ಬಿಜಾಪುರದ ಸಿವಿಲ್ ಸರ್ಜನ್ ಸಾಹೇಬರು ಬಂದು ನೋಡಿ, ಬೇಕೆಂದರೆ ಗುತ್ತಿಗೆ ಮುಂದುವರಿಯುವುದು, ಬೇಡವೆಂದರೆ ಕಂಪನಿಗೆ ಬೀಗ. ನಾಲ್ಕೂ ಆಸ್ಪತ್ರೆಗಳ ದಾದಿಯರ ಮೇಲ್ವಿಚಾರಣೆ ನನ್ನದಾದ್ದರಿಂದ ನನ್ನ ಅಭಿಪ್ರಾಯವನ್ನೂ ಕೇಳುವವರಿದ್ದರು.

ಪಹರೆಯವರೆಲ್ಲ ಇಲ್ಲಿಯವರೇ. ಬೇಸಿಗೆ ಬಂದರೆ ಊರು ಬಿಟ್ಟು ರಸ್ತೆಗೆ ಖಡಿ ಕಲ್ಲು ಒಡೆಯಲು ಹೋಗುತ್ತಿದ್ದ ಜನ. ನಮ್ಮ ಸಿಂದಗಿಯ ಬಾಗಿಲಿಗೆ ಬಂದವನು ಹೂವಿನ ಹಿಪ್ಪರಗಿಯ ಗಟ್ಟಿ ಆಳು. ಮೊದಲ ದಿನವೇ ಅವನು ನನಗೆ ಹೇಳಿದ್ದ, "ಬಾಯಾರ, ಈ ನೌಕರಿ ಸಿಕ್ಕಿದ್ದಕ್ಕ ಮಗಳನ್ನ ಸಾಲಿಗೆ ಹಚ್ಚೇನಿ. ನೌಕರಿ ಹೋತಂದ್ರ ಮತ್ತ ಖಡೀ ರಾಶಿ ಮುಂದ ನಾವು ಮೂರೂ ಮಂದಿ. ಏನು ತಪ್ಪಾದ್ರೂ ಮೊದಲ ನನಗ ಹೇಳ್ರಿ, ಆಮ್ಯಾಲ ಬಿಜಾಪುರಕ್ಕ ಹೇಳ್ರಿ."

ತಪ್ಪು ಕಂಡರೆ ಇಬ್ಬರಿಗೂ ಒಟ್ಟಿಗೇ ಹೇಳುವೆನೆಂದೆ. ಅವನು ಸಲಾಮು ಹೊಡೆದ.

ಸದ್ದಿಲ್ಲದ ಕವಾಯತು

ಸರದಾರ್‌ಜಿ ಬೆಳಿಗ್ಗೆ ನಮ್ಮ ಅಂಗಳದಲ್ಲೇ ತಮ್ಮ ಆಳುಗಳಿಗೆ ಕವಾಯತು ಮಾಡಿಸುತ್ತಿದ್ದರು. ಅವರ ಗಂಟಲು ರಣರಂಗಕ್ಕಾಗಿ ಮಾಡಿದ್ದು. ಮೊದಲ ದಿನ "ಸಾವ್‌ಧಾನ್" ಎಂದಾಗ ಹೆಂಗಸರ ವಾರ್ಡಿನಲ್ಲಿ ಮೂರು ಕೂಸುಗಳು ಅತ್ತವು, ಒಬ್ಬ ಬಸುರಿ ಎದ್ದು ನಿಂತಳು. ನಾನು ಹೊರಗೆ ಹೋಗಿ, ಆಸ್ಪತ್ರೆಯಲ್ಲಿ ಶಾಂತಿ ಇರಬೇಕು, ಕವಾಯತು ಬೇಕಾದರೆ ಮಾಡಿ, ಸದ್ದು ಮಾತ್ರ ಕೂಡದು ಎಂದು ಖಡಾಖಂಡಿತವಾಗಿ ಹೇಳಿದೆ.

ಸುಬೇದಾರರು ಆಜ್ಞೆ ಪಾಲಿಸಿ ಬೆಳೆದವರು. ಮರುದಿನದಿಂದ ಕವಾಯತನ್ನೆಲ್ಲ ಕೈಸನ್ನೆಯಲ್ಲೇ ನಡೆಸಿದರು. ಬಾಯಿ ತೆರೆಯುವರು, ಮುಖ ಕೆಂಪಾಗುವುದು, ಕೊರಳ ನರ ಉಬ್ಬುವುದು, ಸದ್ದು ಮಾತ್ರ ಇಲ್ಲ. ಆಳುಗಳು ಬರಿಗಾಲಲ್ಲಿ ಬೆಕ್ಕಿನ ಹಾಗೆ ಹೆಜ್ಜೆ ಹಾಕುವರು.

ಕಿಟಕಿಯ ಪಕ್ಕದ ಮಂಚದಲ್ಲಿ ಮೋರಟಗಿಯ ಒಬ್ಬ ಅಜ್ಜಿ ಇದ್ದಳು. ದಿನಾಲೂ ಇದನ್ನು ನೋಡಿ ಸಂಕಟಪಡುತ್ತಿದ್ದಳು. ಇಷ್ಟು ಎತ್ತರದ ಗಂಡಸಿಗೆ ದೇವರು ಎಲ್ಲ ಕೊಟ್ಟು ಮಾತು ಕೊಡಲಿಲ್ಲವಲ್ಲ ಎಂದು ಪಕ್ಕದವಳ ಮುಂದೆ ಕಣ್ಣೊರೆಸಿಕೊಂಡಳಂತೆ. ಅವಳು ಮನೆಗೆ ಹೊರಡುವ ದಿನ ಸರದಾರ್‌ಜಿ ಬಾಗಿಲಲ್ಲಿ ನಿಂತು, ಆಗಷ್ಟೇ ಕಲಿತ ಕನ್ನಡದಲ್ಲಿ "ಆರಾಮ ಆತೇನ್ರಿ, ಅವ್ವಾರ?" ಎಂದು ಕೇಳಿದರು. ಅಜ್ಜಿ ಅವರ ಗಲ್ಲ ಸವರಿ ಲಟಿಕೆ ಮುರಿದಳು. ಆಮೇಲೆ ಒಳಕ್ಕೆ ಬಂದು ನನ್ನ ಕೈ ಹಿಡಿದು, ನನ್ನ ಕೈಗುಣ ದೊಡ್ಡದೆಂದು ಹೇಳಿ ಹೋದಳು. ನನಗೆ ಆಗ ಏನೂ ತಿಳಿಯಲಿಲ್ಲ.

ತಿಳಿದದ್ದು ಮುಂದಿನ ವಾರ, ಮೋರಟಗಿಯಿಂದ ಒಬ್ಬ ಗೃಹಸ್ಥ ಬಂದು ನನ್ನನ್ನು ಬದಿಗೆ ಕರೆದಾಗ. "ಬಾಯಾರ, ಮಾತು ಬರಸೂ ಔಷಧ ನಿಮ್ಮ ಕಡೆ ಐತಂತ ಊರಿಗೆಲ್ಲಾ ಗೊತ್ತಾಗೇತಿ. ಅದು ನನಗ ಬ್ಯಾಡ್ರಿ. ನಿಂದ್ರಸೂದು ಐತೇನು? ನಮ್ಮ ದೊಡ್ಡಪ್ಪಗ ಬೇಕಾಗಿತ್ತು."

ತಡೆಯಲಾಗದವರು

ಬಾಗೇವಾಡಿಯ ಆಸ್ಪತ್ರೆಗೆ ಮಧ್ಯಾಹ್ನ ತಪ್ಪದೆ ಒಂದು ಗೂಳಿ ಬರುತ್ತಿತ್ತು. ದೇವರ ಹೆಸರಿಗೆ ಬಿಟ್ಟ ಬಸವ. ಗೇಟಿನಲ್ಲಿ ನುಗ್ಗಿ, ನಮ್ಮ ದಾದಿಯರು ಬೆಳೆಸಿದ ಮೆಂತ್ಯದ ಮಡಿ ಮೇಯ್ದು, ಬಂದ ದಾರಿಯಲ್ಲೇ ಗಂಭೀರವಾಗಿ ಹೋಗುತ್ತಿತ್ತು. ಪಹರೆಯವನು ಅದು ಬಂದಾಗ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದ.

ನಾನು ದೂರು ಕೊಟ್ಟೆ. ಪಹರೆ ಅಂದರೇನೆಂದು ತೋರಿಸಲು ಸರದಾರ್‌ಜಿ ತಾವೇ ಗೇಟಿಗೆ ಅಡ್ಡ ನಿಂತು ಎದೆ ಸೆಟೆಸಿ ಕೈ ಮುಂದೆ ಮಾಡಿದರು. ಗೂಳಿ ನಿಲ್ಲಲಿಲ್ಲ, ಓಡಲೂ ಇಲ್ಲ. ತನ್ನ ನಡಿಗೆಯಲ್ಲೇ ಬಂತು. ಸರದಾರ್‌ಜಿ ಬೆನ್ನು ತೋರಿಸುವವರಲ್ಲ, ಹಾಗಾಗಿ ಚಾಚಿದ ಕೈ ಚಾಚಿದಂತೆಯೇ ಇಟ್ಟುಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಮೆಂತ್ಯದ ಮಡಿಯವರೆಗೆ ಅದಕ್ಕೆ ದಾರಿ ತೋರಿಸಿದ ಹಾಗಾಯಿತು.

ಗೂಳಿ ಮೇಯಲು ಶುರು ಮಾಡಿದ ಮೇಲೆ ಪಹರೆಯವನು ಬಂದು ಸಮಾಧಾನ ಹೇಳಿದ. "ಹೋಗ್ಲಿ ಬಿಡ್ರಿ ಸಾಹೇಬ್ರ. ಈ ಊರಾಗ ಅವ್ರು ನಮ್ಮನ್ನ ಕಾಯಾವ್ರು, ನಾವು ಅವ್ರನ್ನ ಕಾಯಾವ್ರಲ್ಲ."

ಪಹರೆಯವರು ದನ ಕೂಡ ತಡೆಯಲಾರರು ಎಂಬ ಸುದ್ದಿ ನನ್ನ ವರದಿಗಿಂತ ಮೊದಲೇ ಬಿಜಾಪುರಕ್ಕೆ ಮುಟ್ಟಿತ್ತು.

ಹೊಸ ಭರ್ತಿ

ಕಂಪನಿಯ ಸಮವಸ್ತ್ರದಲ್ಲಿ ಮುಖ್ಯವಾದದ್ದು ನೀಲಿ ರುಮಾಲು. ಸರದಾರ್‌ಜಿ ತಮ್ಮ ಪಗಡಿಯಷ್ಟೇ ಮರ್ಯಾದೆಯನ್ನು ಅದಕ್ಕೂ ಕೊಡುತ್ತಿದ್ದರು. ಅಂಗಿಯ ಗುಂಡಿ ಹೋದರೆ ಬೈದು ಬಿಡುವರು, ಬರಿದಲೆ ಕಂಡರೆ ಮನೆಗೆ ಕಳಿಸುವರು. ಆದರೆ ನಮ್ಮ ಸೀಮೆಯ ಗಂಡಸಿಗೆ ತಲೆಯ ಮೇಲಿನ ರುಮಾಲೆಂದರೆ ಚೀಲವೂ ಹೌದು, ಹಗ್ಗವೂ ಹೌದು, ಹೊಲದಲ್ಲಿ ಮಲಗಿದರೆ ಹಾಸಿಗೆಯೂ ಹೌದು. ಸಂತೆಯ ದಿನ ಮೆಣಸಿನಕಾಯಿ ಕಟ್ಟಿಕೊಂಡು ಬಂದ ಒಬ್ಬನ ರುಮಾಲನ್ನು ಮತ್ತೆ ತಲೆಗೆ ಸುತ್ತಿಸಿ, ಅವನ ಕಣ್ಣಲ್ಲಿ ನೀರು ಬರುವವರೆಗೂ ಸರದಾರ್‌ಜಿ ಎದುರಿಗೆ ನಿಂತಿದ್ದರು. ಅಷ್ಟರ ಮೇಲೆ ಯಾರೂ ರುಮಾಲು ಬಿಚ್ಚುತ್ತಿರಲಿಲ್ಲ.

ನಾನೂ ಅವರೂ ಮುದ್ದೇಬಿಹಾಳಕ್ಕೆ ತಪಾಸಣೆಗೆ ಹೋದ ದಿನ ಅಲ್ಲಿಯ ಪಹರೆಯವನು, ನಾಲತವಾಡದವನು, ಬರಿದಲೆಯಲ್ಲಿ ನಿಂತಿದ್ದ. ಸರದಾರ್‌ಜಿಯ ಗಡ್ಡ ನಡುಗಿತು. ಲಾಠಿ ಕೆಳಗಿಡು, ಮನೆಗೆ ಹೋಗು ಎಂದರು. ಅವನು ಲಾಠಿ ಕೆಳಗಿಟ್ಟು, ಗೇಟಿನ ಹೊರಗಿನ ಚಕ್ಕಡಿಯತ್ತ ಬೆರಳು ತೋರಿಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಚಕ್ಕಡಿಯಲ್ಲಿ ಹೆರಿಗೆಯಾಗಿತ್ತು. ದಾದಿ ಓಡಿಬಂದಿದ್ದಳು, ಕೂಸನ್ನು ಸುತ್ತಲು ಕೈಯಲ್ಲಿ ಅರಿವೆ ಮಾತ್ರ ಇರಲಿಲ್ಲ. ಈಗ ಕೂಸು ನೀಲಿ ರುಮಾಲಿನಲ್ಲಿ ಮೂಗೊಂದನ್ನು ಹೊರಗಿಟ್ಟು ಮಲಗಿತ್ತು. ಆಸ್ಪತ್ರೆಯಲ್ಲಿ ಕುದಿಸಿದ ಬಟ್ಟೆ ಇರುವಾಗ ತಲೆಯ ಬಟ್ಟೆ ಏಕೆಂದು ನಾನು ಕೇಳಬೇಕೆಂದಿದ್ದೆ. ಸರದಾರ್‌ಜಿ ಕೇಳಗೊಡಲಿಲ್ಲ. ಚಕ್ಕಡಿಯ ಮುಂದೆ ಸೆಟೆದು ನಿಂತು ಕೂಸಿಗೆ ಸಲಾಮು ಹೊಡೆದರು. ಲಾಠಿಯನ್ನು ತಾವೇ ಎತ್ತಿ ಪಹರೆಯವನ ಕೈಗೆ ಕೊಟ್ಟರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಕೂಸು ಗುಂಡಗೆ ಬೆಳೆಯಿತು. ನೀಲಿ ಅರಿವೆಯ ಗುಣ ಎಂದು ಊರು ತೀರ್ಮಾನಿಸಿತು. ಹೆರಿಗೆಗೆ ಬಂದವರೆಲ್ಲ ಮೊದಲು ಪಹರೆಯವನ ತಲೆ ನೋಡತೊಡಗಿದರು. ಕೇಳಿದರೆ ಇಲ್ಲ ಅನ್ನುವುದು ಹೇಗೆ? ನಾನು ಮುಂದಿನ ಸಲ ಹೋದಾಗ ವಾರ್ಡಿನ ತೊಟ್ಟಿಲುಗಳಲ್ಲೆಲ್ಲ ಸಮವಸ್ತ್ರ, ಗೇಟಿನಲ್ಲಿ ಬರಿದಲೆ.

ಹೊಸ ರುಮಾಲಿಗೆ ಬಟ್ಟೆ ತರಿಸುತ್ತ ಸರದಾರ್‌ಜಿ ನನಗೆ ಹೇಳಿದರು, "ಏನ್ ಮಾಡೂದ್ರಿ ಸಿಸ್ಟರ್‌ಜೀ, ಈ ವರ್ಷ ನಮ್ಮ ಕಂಪನ್ಯಾಗ ಭರ್ತಿ ಜೋರ್ ಐತಿ. ಡ್ಯೂಟಿಗೆ ಬರಾಕ ಅಷ್ಟ ಇನ್ನೂ ಹದಿನೆಂಟ್ ವರ್ಷ ಬೇಕು."

ಸುಟ್ಟ ರೊಟ್ಟಿ

ಇಂಡಿ ಆಸ್ಪತ್ರೆಯಲ್ಲಿ ಸಮಸ್ಯೆ ಹೊಗೆಯದು. ರೋಗಿಗಳ ಕಡೆಯವರು ಅಂಗಳದಲ್ಲಿ ಮನೆಗೊಂದರಂತೆ ಮೂರು ಕಲ್ಲಿನ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಒಬ್ಬರ ಒಲೆ ಇನ್ನೊಬ್ಬರಿಗೆ ಆಗದು, ಒಬ್ಬರ ಪಾತ್ರೆ ಇನ್ನೊಬ್ಬರು ಮುಟ್ಟರು. ದಮ್ಮಿನ ರೋಗಿಗಳು ಒಳಗೆ ಕೆಮ್ಮುತ್ತಿದ್ದರೆ ಹೊರಗೆ ಒಗ್ಗರಣೆ. ನಾನು ಹೇಳಿದೆ, ದಾದಿಯರು ಹೇಳಿದರು, ಡಾಕ್ಟರು ಹೇಳಿದರು. ಒಲೆಗಳು ಹೆಚ್ಚಿದವು.

ಸರದಾರ್‌ಜಿ ಹಿತ್ತಲಿನ ಗೋಡೆಯ ಆಚೆ, ಗಾಳಿ ಹೊರಗೆ ಹೋಗುವ ಕಡೆ, ಒಂದೇ ದೊಡ್ಡ ಒಲೆ ಹೂಡಿಸಿ ಎಲ್ಲರಿಗೂ ತಾವೇ ರೊಟ್ಟಿ ಬೇಳೆ ಮಾಡುವುದಾಗಿ ಸಾರಿದರು. ಅವರ ಕಡೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಪದ್ಧತಿಯಂತೆ. ಬೇವಿನ ಮರದ ಕೆಳಗೆ ಹಿರಿಯರ ಸಭೆ ಕೂಡಿತು. ಈ ಮನುಷ್ಯ ಯಾವ ಪೈಕಿ ಎಂಬುದು ಚರ್ಚೆ. ಒಬ್ಬರು ಒಂದೆಂದರು, ಇನ್ನೊಬ್ಬರು ಅಲ್ಲವೆಂದರು. ಕೊನೆಗೆ ಮುಲ್ಲಾರ ಮನೆಯ ಹಿರಿಯರೂ ಗೌಡರ ಮನೆಯ ಹಿರಿಯರೂ ಸೇರಿ ತೀರ್ಪು ಕೊಟ್ಟರು: ಯಾರೆಂದು ಗೊತ್ತಿದ್ದವರ ಕೈಯಲ್ಲಿ ಉಂಡರೆ ತಾನೆ ತಪ್ಪು, ಗೊತ್ತೇ ಇಲ್ಲದವರ ಕೈಯಲ್ಲಿ ಉಂಡರೆ ತಪ್ಪು ಹಿಡಿಯುವವರು ಯಾರು?

ಸರದಾರ್‌ಜಿ ರೊಟ್ಟಿ ಸುಟ್ಟರು. ಸುಟ್ಟರು ಎಂದರೆ ನಿಜವಾಗಿಯೇ ಸುಟ್ಟರು. ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಹಸಿ ಹಿಟ್ಟು. ಹೆಂಗಸರು ಒಂದು ದಿನ ಸಹಿಸಿದರು. ಮರುದಿನ ಗೌಡರ ಮನೆಯ ಹಿರಿಯಳು ಎದ್ದು, "ಸರೀರಿ ಅತ್ತಾಗ. ಎಮ್ಮಿ ಕಾಲಿಗೆ ನಾಲು ಬಡದಂಗ ಅದಾವ ನಿಮ್ಮ ರೊಟ್ಟಿ" ಎಂದು ಅವರನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾನು ಕೂತಳು. ಮುಲ್ಲಾರ ಸೊಸೆ ಹಿಟ್ಟು ನಾದಿದಳು. ಮತ್ತೊಬ್ಬಳು ಪಲ್ಯ ಹೆಚ್ಚಿದಳು. ಅಂಗಳದ ಒಲೆಗಳು ಆರಿದವು.

ವಾರದ ಮೇಲೆ ಸರದಾರ್‌ಜಿ ನನಗೊಂದು ತಟ್ಟೆ ಕಳಿಸಿದರು. ಅದರಲ್ಲಿ ಹೂವಿನಷ್ಟು ಮೆತ್ತನೆಯ, ಒಂದೂ ಚುಕ್ಕೆ ಸೀಯದ ರೊಟ್ಟಿಗಳು. ಯಾರು ಮಾಡಿದ್ದು ಎಂದು ಕೇಳಿದೆ. ತಾವೇ ಅಂದರು. ಹಾಗಾದರೆ ಮೊನ್ನೆಯವು?

ಅವರು ಮೀಸೆ ತೀಡಿಕೊಂಡರು. "ಸಿಸ್ಟರ್‌ಜೀ, ಪಲ್ಟನ್ಯಾಗ ಲಂಗರಿನ ಅಡಗಿ ನನ್ನ ಕೈಯಾಗ ಇತ್ತು. ರೊಟ್ಟಿ ಚಂದ ಮಾಡಿದ್ರ ಉಂಡು ಎದ್ದ ಹೋಗತಿದ್ರು. ಸುಟ್ಟಿದ್ದಕ್ಕ ಒಲಿಗೆ ಬಂದ್ರು."

ಅತ್ತೆಯ ಬಿಲ್ಲೆ

ವರ್ಷ ಮುಗಿಯುತ್ತ ಬಂತು. ಗೂಳಿಯ ಸುದ್ದಿ, ಬರಿದಲೆಯ ಸುದ್ದಿ, ಸುಬೇದಾರರು ರೊಟ್ಟಿ ಬಡಿಯುವ ಸುದ್ದಿ, ಎಲ್ಲ ಬಿಜಾಪುರದಲ್ಲಿ ಜಮೆಯಾಗಿದ್ದವು. ಬಾಗಿಲು ಕಾಯಲು ಕಂಪನಿಯೊಂದು ಏಕೆ ಎಂದು ಸಿವಿಲ್ ಸರ್ಜನ್ ಸಾಹೇಬರು ನಾಲ್ಕು ಜನರೆದುರಿಗೆ ಅಂದಿದ್ದರಂತೆ. ಅವರು ಸಿಂದಗಿಗೆ ಬರುವ ದಿನ ಗೊತ್ತಾದ ಮೇಲೆ ಸರದಾರ್‌ಜಿ ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಬಾಗಿಲಿನ ಹಿಪ್ಪರಗಿಯವನು ಮಾತ್ರ ನನ್ನನ್ನು ಕೇಳಿದ, "ಬಾಯಾರ, ಮಗಳು ಮೂರನೇ ಮಗ್ಗಿ ಮುಗಿಸ್ಯಾಳ. ನಾಲ್ಕನೇದಕ್ಕ ಹೋಗಬೋದೇನು, ನಿಂದ್ರಬೇಕೋ?" ಮಗ್ಗಿ ಯಾರಿಗೋಸ್ಕರವೂ ನಿಲ್ಲಬಾರದು ಎಂದೆ.

ನಮ್ಮಲ್ಲಿ ಒಂದು ನಿಯಮ ಇತ್ತು, ನಾನು ಹಾಕಿದ್ದು. ಒಬ್ಬ ರೋಗಿಗೆ ಒಂದೇ ಹಿತ್ತಾಳೆಯ ಬಿಲ್ಲೆ. ಬಿಲ್ಲೆ ಇದ್ದವರು ಒಳಗೆ. ಅವರು ಹೊರಗೆ ಬಂದು ಬಿಲ್ಲೆ ಕೊಟ್ಟರೆ ಮುಂದಿನವರು ಒಳಗೆ. ರೋಗಿಯ ಕಡೆಯ ಉಳಿದವರೆಲ್ಲ ಹಿಂದಿನ ಬಾಗಿಲಿನ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಸರತಿ ಕಾಯಬೇಕು. ಹಿಪ್ಪರಗಿಯವನು ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದ: ಯಾರ ಕಡೆಯವರು? ನಮ್ಮ ಸೀಮೆಯಲ್ಲಿ ಹೆಸರಿಗಿಂತ ಮೊದಲು ಕೇಳುವುದೇ ಅದು.

ಆ ದಿನ ನಾನು ಗಂಜಿ ಹಾಕಿದ ಏಪ್ರನ್ ಕಟ್ಟಿ, ದಾದಿಯರನ್ನು ಸಾಲಾಗಿ ನಿಲ್ಲಿಸಿ, ಮುಂಬಾಗಿಲಲ್ಲಿ ಕಾದೆ. ಸರದಾರ್‌ಜಿ ಪಕ್ಕದಲ್ಲಿ ಕಂಬದಂತೆ ನಿಂತಿದ್ದರು. ಬಿಸಿಲು ಏರಿತು. ಹೂವಿನ ಹಾರ ಬಾಡಿತು. ಸಾಹೇಬರ ಪತ್ತೆ ಇಲ್ಲ. ಆಗ ಆಯಾ ಒಬ್ಬಳು ಬಂದು ನನ್ನ ಕಿವಿಯಲ್ಲಿ, ಹಿಂದಿನ ಬೆಂಚಿನ ಮೇಲೆ ಯಾರೋ ದೊಡ್ಡ ಮನುಷ್ಯರು ಪುಂಡಿಪಲ್ಯ ರೊಟ್ಟಿ ತಿನ್ನುತ್ತಿದ್ದಾರೆ, ಒಮ್ಮೆ ನೋಡಬೇಕು ಎಂದಳು.

ಹೋಗಿ ನೋಡಿದರೆ ಸಿವಿಲ್ ಸರ್ಜನ್ ಸಾಹೇಬರು. ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು, ಬೀಡಿ ಸೇದುವ ಇಬ್ಬರು ಮುದುಕರ ನಡುವೆ ಕೂತಿದ್ದಾರೆ.

ನಡೆದದ್ದು ಇಷ್ಟು. ಸಾಹೇಬರ ಸೋದರತ್ತೆ, ನಾಲತವಾಡದವರು, ಮಗಳ ಮನೆಗೆಂದು ಸಿಂದಗಿಗೆ ಬಂದು ಕಾಲು ಮುರಿದುಕೊಂಡು ನಮ್ಮಲ್ಲೇ ಮಲಗಿದ್ದರು. ತಪಾಸಣೆಯ ಗದ್ದಲಕ್ಕೆ ಮೊದಲು ಅತ್ತೆಯನ್ನು ಸದ್ದಿಲ್ಲದೆ ನೋಡಿ ಬರೋಣವೆಂದು ಸಾಹೇಬರು ಜೀಪನ್ನು ಸಂದಿಯಲ್ಲಿ ಬಿಟ್ಟು ಹಿಂದಿನ ಬಾಗಿಲಿಗೆ ಬಂದರು. ಹಿಪ್ಪರಗಿಯವನು ಕೇಳಿದ, ಯಾರ ಕಡೆಯವರು? ನಾಲತವಾಡದ ಅತ್ತೆಯ ಕಡೆಯವನು, ಅಳಿಯ ಎಂದರು ಸಾಹೇಬರು. ಅತ್ತೆಯ ಬಿಲ್ಲೆ ಮಗಳ ಹತ್ತಿರ ಒಳಗಿದೆ, ಅವರು ಬರುವವರೆಗೆ ಬೆಂಚಿನ ಮೇಲೆ ಕೂಡಬೇಕೆಂದ ಇವನು. ಬಾಗಿಲ ಪಕ್ಕದ ನಿಯಮದ ಹಲಗೆಯ ಕೆಳಗೆ ಒಪ್ಪಿಗೆಯೆಂದು ಸಾಹೇಬರದೇ ಸಹಿ ಇತ್ತು. ಅವರು ಕೂತರು.

ಕೂತವರಿಗೆ ಮುದುಕರು ರೊಟ್ಟಿ ಕೊಟ್ಟರು, ಜೊತೆಗೆ ಆಸ್ಪತ್ರೆಯ ವರದಿಯನ್ನೂ ಕೊಟ್ಟರು. ಮೊದಲು ಒಳಗೆ ಸಂತೆ ನಡೆದಿರುತ್ತಿತ್ತು, ಆಡು ರೋಗಿಯ ಗಂಜಿ ಕುಡಿಯುತ್ತಿತ್ತು. ಈಗ ನೀಲಿ ರುಮಾಲಿನವರು ಬಂದ ಮೇಲೆ ಸಾಯುವುದಕ್ಕೂ ಸಮಾಧಾನ ಇದೆ ಎಂದು ಒಬ್ಬ ಹೇಳಿದನಂತೆ. ಮೇಟ್ರನ್ ಬಾಯಾರ ಬಗ್ಗೆ ಕೇಳಿದಾಗ ಇನ್ನೊಬ್ಬ, ಚಾದರದಲ್ಲಿ ಸುಕ್ಕು ಕಂಡರೆ ಅವರು ಜ್ವರ ಇದ್ದವರನ್ನೂ ಎಬ್ಬಿಸಿ ಚಾದರಕ್ಕೆ ಮೊದಲು ಚಿಕಿತ್ಸೆ ಮಾಡುತ್ತಾರೆ ಎಂದನಂತೆ. ಇದು ನನ್ನ ಶಿಸ್ತಿಗೆ ಸಿಕ್ಕ ಪ್ರಶಂಸೆಯೆಂದೇ ನಾನು ತಿಳಿದಿದ್ದೇನೆ.

ನನ್ನ ಹಿಂದೆಯೇ ಸರದಾರ್‌ಜಿ ಬಂದರು. ಹಿಪ್ಪರಗಿಯವನನ್ನು ಮೆಲ್ಲಗೆ, ಇವರು ಯಾರೆಂದು ಗೊತ್ತೇ ಎಂದು ಕೇಳಿದರು.

"ಗೊತ್ತಿಲ್ಲೇನ್ರಿ? ಸಂದ್ಯಾಗ ಸರಕಾರಿ ಜೀಪ್ ನಿಂತೈತಿ. ಡಾಕ್ಟರಾಗಿ ಮುಂದಿನ ಬಾಗಲಕ್ಕ ಬಂದಿದ್ರ ಸಲಾಮ್ ಹೊಡದು ಬಿಡತಿದ್ದೆ. ಅಳಿಯಾ ಆಗಿ ಹಿಂದಿನ ಬಾಗಲಕ್ಕ ಬಂದಾರ. ಅಳಿಯಾಗ ಸರತಿ ಐತ್ರಿ."

ಇಷ್ಟು ಹೇಳಿಯೂ ಅವನು ಬಾಗಿಲಿನಿಂದ ಸರಿಯಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ನಾನು ಬೆನ್ನು ನೆಟ್ಟಗಿಟ್ಟುಕೊಂಡು ಹೇಳಿದೆ, "ಈ ಆಸ್ಪತ್ರೆಯಲ್ಲಿ ನನ್ನ ಮಾತನ್ನು ಹೇಳಿದ ಹಾಗೆಯೇ ನಡೆಸುವವನು ಇವನೊಬ್ಬ. ಇವನನ್ನು ತೆಗೆದರೆ ಆ ಆಡು ಮತ್ತೆ ಬರುತ್ತದೆ."

ಅಷ್ಟರಲ್ಲಿ ಅತ್ತೆಯ ಮಗಳು ಹೊರಬಂದು ಬಿಲ್ಲೆ ಕೊಟ್ಟಳು. ಸಾಹೇಬರು ಅದನ್ನು ಹಿಡಿದು ಒಳಗೆ ಹೋಗಿ, ಹೊರಬಂದು, ಬಿಲ್ಲೆಯನ್ನು ಹಿಪ್ಪರಗಿಯವನ ಅಂಗೈಯಲ್ಲಿಟ್ಟು, ಗುತ್ತಿಗೆ ಮುಂದುವರಿಯಿತು ಎಂದರು. ಸರದಾರ್‌ಜಿ ಗಡ್ಡಕ್ಕೆ ಏನೋ ಹತ್ತಿದೆಯೆಂಬಂತೆ ಬಹಳ ಹೊತ್ತು ಒರೆಸಿಕೊಂಡರು.

ಆದರೆ ಸಾಹೇಬರದೊಂದು ಷರತ್ತು. ಬಿಜಾಪುರದ ಅವರ ಬಂಗಲೆಗೆ ದಿನಾಲೂ ನೆಂಟರ ದಂಡು, ಪುಕ್ಕಟೆ ಔಷಧಕ್ಕೆ. ಇಂಥ ಆಳೊಬ್ಬ ಅಲ್ಲಿಗೂ ಬೇಕು. ತಮ್ಮ ಕರಾರು ಸರಕಾರಿ ಕಟ್ಟಡಗಳಿಗೆ ಮಾತ್ರ ಎಂದು ಸರದಾರ್‌ಜಿ ವಿನಯದಿಂದ ನೆನಪಿಸಿದರು. ಬಂಗಲೆಯೂ ಸರಕಾರದ್ದೇ ಎಂದರು ಸಾಹೇಬರು. ಹಿಪ್ಪರಗಿಯವನು ಹೆಂಡತಿ ಮಗಳೊಡನೆ ಬಿಜಾಪುರಕ್ಕೆ ಹೋದ. ಮಗಳು ಅಲ್ಲಿಯ ಸಾಲಿಗೆ ಹೋಗಿ ನಾಲ್ಕನೇ ಮಗ್ಗಿಗೆ ಕೈ ಹಚ್ಚಿದಳು.

ಅವನು ಸೇರಿದ ವಾರವೇ ಸಾಹೇಬರು ಮಧ್ಯಾಹ್ನ ಊಟಕ್ಕೆಂದು ಬಂಗಲೆಗೆ ನಡೆದು ಬಂದರಂತೆ. ಇವನು ಗೇಟು ತೆಗೆಯಲಿಲ್ಲ. ಒಳಗೆ ನಿಮ್ಮ ಮನೆಯ ಅಮ್ಮನವರ ಅಣ್ಣ ಬಂದು ಕೂತಿದ್ದಾರೆ, ಒಂದು ಸಲಕ್ಕೆ ಮನೆಯ ಕಡೆಯವರು ಒಬ್ಬರೇ ಒಳಗೆ ಎಂದು ಸಾಹೇಬರೇ ಹೇಳಿದ್ದಾರೆ ಎಂದ. ಇದು ನನ್ನ ಮನೆ ಎಂದರು ಸಾಹೇಬರು.

"ಹೌದ್ರಿ, ಅದಕ್ಕ ನಿಮಗ ಬೆಂಚು ಬ್ಯಾಡಂತ ನೆರಳಾಗ ಕುರ್ಚಿ ಹಾಕೇನಿ."